ಗಂಡ ಕುವೈತ್‌ನಲ್ಲಿದ್ದ ಮಾತ್ರಕ್ಕೆ ‘ಎಸ್ಟ್ರೇಂಜ್ಡ್’ ಆಗುವುದಿಲ್ಲ

ಪ್ರಶ್ನೆ: ನಾನು ಕುಂದಾಪುರ ತಾಲ್ಲೂಕಿನವಳು. ನಮ್ಮ ಯಜಮಾನರು ಒಂಬತ್ತು ವರ್ಷಗಳಿಂದ ಕುವೈತ್‌ನಲ್ಲಿ ಕೆಲಸದಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ, ದಿನವೂ ರಾತ್ರಿ ವಿಡಿಯೊ ಕರೆ ಮಾಡುತ್ತಾರೆ. ಈ ವರ್ಷ ಮಗಳನ್ನು ಮಂಗಳೂರಿನಲ್ಲಿ ಪಿಯುಸಿಗೆ ಸೇರಿಸಿದೆವು. ಹಾಸ್ಟೆಲ್‌ಗೆ ಕೊಡುವ ಪತ್ರವನ್ನು ಇಂಗ್ಲಿಷ್‌ನಲ್ಲಿ ನಾನೇ ಬರೆದೆ. ಗಂಡ ದೂರದಲ್ಲಿದ್ದಾರೆ ಎಂದು ಹೇಳಬೇಕಿತ್ತು. ಮೊಬೈಲ್ ನಿಘಂಟಿನಲ್ಲಿ ‘ದೂರವಾದ’ ಎಂದು ಹುಡುಕಿದಾಗ ‘ಎಸ್ಟ್ರೇಂಜ್ಡ್’ ಸಿಕ್ಕಿತು. ‘ಮೈ ಎಸ್ಟ್ರೇಂಜ್ಡ್ ಹಸ್ಬೆಂಡ್ ಲಿವ್ಸ್ ಇನ್ ಕುವೈತ್’ ಎಂದು ಬರೆದೆ. ಮರುದಿನ ವಾರ್ಡನ್ ಒಳಗೆ ಕರೆದು, ಬಾಗಿಲು ಮುಚ್ಚಿ, ‘ಮಗಳು ಯಾರ ಸುಪರ್ದಿಯಲ್ಲಿದ್ದಾಳೆ? ಕೋರ್ಟ್ ಆದೇಶ ಏನಾದರೂ ಇದೆಯೇ?’ ಎಂದು ಮೆಲ್ಲಗೆ ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಪತ್ರದ ಫೋಟೊ ನೋಡಿದ ಯಜಮಾನರು ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ನಾನು ಬರೆದದ್ದರಲ್ಲಿ ತಪ್ಪೇನು?

ಉತ್ತರ: ಈ ಓದುಗರ ಪತ್ರ ಇನ್ನೂ ಉದ್ದವಿದೆ. ಅವರ ಬೇರೆ ಮೂರು ಸಂದೇಹಗಳನ್ನು ಚುಟುಕಾಗಿ ಹೇಳುತ್ತೇನೆ. ಆಸ್ತಿ ಪಾಲಾದ ಮೇಲೆ ಯಜಮಾನರ ಅಣ್ಣ, ಅಂದರೆ ಇವರ ಭಾವ, ಇವರೊಡನೆ ಮಾತು ಬಿಟ್ಟು ಏಳು ವರ್ಷವಾಗಿದೆ. ಅವರಿರುವುದು ಅದೇ ಮನೆಯ ಇನ್ನೊಂದು ಅರ್ಧದಲ್ಲಿ. ನಡುವೆ ಒಂದೇ ಗೋಡೆ. ಹಾಸ್ಟೆಲ್‌ನ ಅರ್ಜಿಯಲ್ಲಿ ಅವರ ವಿಷಯ ಬರೆಯಬೇಕೇ, ಬರೆದರೆ ಯಾವ ಪದ? ಮಗಳು ಈಚೆಗೆ ಅಪ್ಪನ ಕರೆ ಬಂದರೆ ಎರಡು ಮಾತಾಡಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತಾಳೆ. ಆಪ್ತ ಸಮಾಲೋಚಕಿಗೆ ಇದನ್ನು ಹೇಗೆ ತಿಳಿಸುವುದು? ಕೊನೆಯದಾಗಿ, ಪಾಸ್‌ಪೋರ್ಟ್ ಅರ್ಜಿಯ ವೈವಾಹಿಕ ಸ್ಥಿತಿಯ ಅಂಕಣದಲ್ಲಿ ‘ಸೆಪರೇಟೆಡ್’ ಎಂಬುದನ್ನು ಆರಿಸಬೇಕೇ?

ಅಮ್ಮಾ, ಮೊದಲು ಸಮಾಧಾನದ ಮಾತು. ನೀವು ಮಾಡಿದ ತಪ್ಪನ್ನು ಇಂಗ್ಲಿಷ್‌ನಲ್ಲೇ ಓದಿ ಬಂದವರೂ ಮಾಡುತ್ತಾರೆ. ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಇಪ್ಪತ್ತೇಳು ವರ್ಷ ಕುಳಿತವನು ನಾನು. ಈ ಒಂದು ಪದ ನಮ್ಮ ಮೇಜಿನ ಮೇಲೆ ಎಷ್ಟು ಸಲ ಎಡವಿಸಿದೆಯೆಂದು ಲೆಕ್ಕವಿಟ್ಟಿಲ್ಲ. ಆದರೆ ವಾರ್ಡನ್ ಕೇಳಿದ್ದೂ ಸರಿಯೇ. ನೀವು ಬರೆದ ವಾಕ್ಯವನ್ನು ಇಂಗ್ಲಿಷ್ ಬಲ್ಲವರು ಓದಿದರೆ ಸಿಗುವ ಅರ್ಥ ಇಷ್ಟು: ‘ನನಗೂ ನನ್ನ ಗಂಡನಿಗೂ ಮನಸ್ಸು ಮುರಿದಿದೆ, ನಾವು ಸಂಸಾರ ಮಾಡುತ್ತಿಲ್ಲ, ಅವರು ಕುವೈತ್‌ನಲ್ಲಿದ್ದಾರೆ.’ ಹೀಗೆಂದು ತಾಯಿಯೇ ಬರೆದುಕೊಟ್ಟರೆ, ಹುಡುಗಿಯನ್ನು ಕರೆದೊಯ್ಯಲು ನಾಳೆ ಅಪ್ಪ ಬಂದಾಗ ಕಳುಹಿಸಬಹುದೋ ಬಾರದೋ ಎಂದು ವಾರ್ಡನ್ ಯೋಚಿಸಲೇಬೇಕು.

ಗೊಂದಲದ ಬೇರು ನಮ್ಮ ‘ದೂರ’ ಎಂಬ ಪದದಲ್ಲಿದೆ. ಕನ್ನಡದಲ್ಲಿ ‘ಅವರು ನಮ್ಮಿಂದ ದೂರವಾದರು’ ಎಂದರೆ ಊರು ಬಿಟ್ಟರು ಎಂದಾಗಬಹುದು, ಮನಸ್ಸು ಮುರಿದುಕೊಂಡರು ಎಂದಾಗಬಹುದು, ಶ್ರದ್ಧಾಂಜಲಿಯ ಜಾಹೀರಾತಿನಲ್ಲಾದರೆ ತೀರಿಕೊಂಡರು ಎಂದೂ ಆಗಬಹುದು. ಯಾವುದೆಂದು ಸಂದರ್ಭ ಹೇಳುತ್ತದೆ, ನಾವು ಎಡವುವುದಿಲ್ಲ. ಇಂಗ್ಲಿಷ್ ಈ ಒಂದೊಂದಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ನಿಘಂಟು ಮಾತ್ರ ಅವೆಲ್ಲವನ್ನೂ ‘ದೂರವಾದ, ಬೇರ್ಪಟ್ಟ’ ಎಂಬ ಒಂದೇ ಸಾಲಿನಲ್ಲಿ ಪೇರಿಸಿಟ್ಟು ಕೈತೊಳೆದುಕೊಳ್ಳುತ್ತದೆ. ಅರ್ಥ ತಪ್ಪೆನ್ನುವಂತಿಲ್ಲ, ಆದರೆ ಎಲ್ಲಿ ಯಾವುದನ್ನು ಬಳಸಬೇಕು ಎಂಬುದು ಅಲ್ಲಿಲ್ಲ.

‘ಎಸ್ಟ್ರೇಂಜ್ಡ್’ ಪದದ ಹುಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಅದು ಫ್ರೆಂಚ್ ದಾರಿಯಾಗಿ ಲ್ಯಾಟಿನ್‌ನಿಂದ ಬಂದದ್ದು. ಮೂಲದಲ್ಲಿರುವುದು ‘ಎಕ್ಸ್‌ಟ್ರಾ’, ಅಂದರೆ ಹೊರಗೆ. ಅಪರಿಚಿತನೆಂಬ ಅರ್ಥದ ‘ಸ್ಟ್ರೇಂಜರ್’ ಇದರ ಒಡಹುಟ್ಟು. ಹಾಗಾಗಿ ‘ಎಸ್ಟ್ರೇಂಜ್ಡ್’ ಎಂದರೆ ಒಳಗಿನವನಾಗಿದ್ದು ಹೊರಗಿನವನಾದ, ಗುರುತಿದ್ದೂ ಅಪರಿಚಿತನಂತಾದ ಎಂದರ್ಥ. ಇದರಲ್ಲಿ ಕಿಲೋಮೀಟರಿನ ಮಾತೇ ಇಲ್ಲ. ಇರುವುದು ಎರಡು ಸಂಗತಿ: ಮೊದಲು ಹತ್ತಿರದ ಸಂಬಂಧವಿತ್ತು, ಈಗ ಅದು ಮುರಿದಿದೆ. ಮೊದಲೇ ಪರಿಚಯವಿಲ್ಲದವರ ಬಗ್ಗೆ ಈ ಪದ ಸಲ್ಲದು. ಸಂಬಂಧ ಗಟ್ಟಿಯಾಗಿರುವವರ ಬಗ್ಗೆಯೂ ಸಲ್ಲದು, ಅವರು ಕುವೈತ್‌ನಲ್ಲಿರಲಿ, ಕೆನಡಾದಲ್ಲಿರಲಿ.

ಈಗ ನಿಮ್ಮ ಮನೆಯನ್ನೇ ನೋಡಿ. ಎರಡು ಸಮುದ್ರ ದಾಟಿ ಕುಳಿತ ನಿಮ್ಮ ಯಜಮಾನರು ‘ಎಸ್ಟ್ರೇಂಜ್ಡ್’ ಅಲ್ಲ. ಒಗ್ಗರಣೆ ಹಾಕಿದರೆ ಸದ್ದು ಗೋಡೆಯಾಚೆಯಿಂದ ಕೇಳುವಷ್ಟು ಹತ್ತಿರವಿರುವ ನಿಮ್ಮ ಭಾವ ನಿಜವಾಗಿ ‘ಎಸ್ಟ್ರೇಂಜ್ಡ್’. ಒಂದು ಕಾಲಕ್ಕೆ ಒಂದೇ ಒಲೆಯಲ್ಲಿ ಉಂಡವರು, ಈಗ ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ ಎಂದು ನೀವೇ ಬರೆದಿದ್ದೀರಿ. ಪದದ ಅರ್ಥ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೂತು ಕಟ್ಟಿದ್ದರೂ ಆಗುತ್ತಿರಲಿಲ್ಲ. ಅಂದಹಾಗೆ, ಒಂದು ಗೋಡೆಯನ್ನು ಹಂಚಿಕೊಂಡ ಜೋಡಿಮನೆಗೆ ಇಂಗ್ಲೆಂಡಿನಲ್ಲಿ ‘ಸೆಮಿ ಡಿಟ್ಯಾಚ್ಡ್’ ಎನ್ನುತ್ತಾರೆ. ನಿಮ್ಮಲ್ಲಿ ಮನೆ ಅರೆ ಬೇರೆ, ಮನುಷ್ಯರು ಪೂರಾ ಬೇರೆ!

ಗಂಡಹೆಂಡಿರ ವಿಷಯದಲ್ಲಿ ಈ ಪದಕ್ಕೆ ಇನ್ನೊಂದು ಗೆರೆಯಿದೆ. ‘ಎಸ್ಟ್ರೇಂಜ್ಡ್ ವೈಫ್’ ಎಂದರೆ ಸಾಮಾನ್ಯವಾಗಿ ಕಾನೂನಿನ ಕಣ್ಣಿನಲ್ಲಿ ಇನ್ನೂ ಹೆಂಡತಿಯಾಗಿದ್ದು, ಸಂಬಂಧ ಮಾತ್ರ ಮುರಿದವಳು. ವಿಚ್ಛೇದನ ಆಗಿಹೋಗಿದ್ದರೆ ‘ಎಕ್ಸ್ ವೈಫ್’, ಅಂದರೆ ಮಾಜಿ ಪತ್ನಿ. ನಮ್ಮ ಮೇಜಿನಲ್ಲಿ ಆಗುತ್ತಿದ್ದ ಎಡವಟ್ಟು ಇಲ್ಲೇ. ಒಂದು ರಾತ್ರಿ ಪುಟ ಮುಗಿಸುವ ಗಡಿಬಿಡಿಯಲ್ಲಿ ಹೊಸ ಉಪಸಂಪಾದಕರೊಬ್ಬರು ಏಜೆನ್ಸಿ ಸುದ್ದಿಯಲ್ಲಿದ್ದ ‘ಎಸ್ಟ್ರೇಂಜ್ಡ್ ವೈಫ್’ ಅನ್ನು ‘ವಿಚ್ಛೇದಿತ ಪತ್ನಿ’ ಎಂದು ಅನುವಾದಿಸಿದರು, ನಾನು ನೋಡದೆ ಬಿಟ್ಟೆ. ಬೆಳಿಗ್ಗೆ ಆ ಹೆಂಗಸೇ ಫೋನ್ ಮಾಡಿದರು. ಕೂಗಾಡಲಿಲ್ಲ. ‘ನನಗೆ ಯಾವ ಕೋರ್ಟಿನಲ್ಲಿ ವಿಚ್ಛೇದನವಾಯಿತೆಂದು ತಿಳಿಸಿದರೆ ಹೋಗಿ ಪ್ರತಿ ತರುತ್ತೇನೆ’ ಎಂದರು. ಜೀವನಾಂಶದ ಮೊಕದ್ದಮೆ ನಡೆಯುತ್ತಿತ್ತಂತೆ. ಮರುದಿನ ತಿದ್ದುಪಡಿ ಹಾಕಿದೆವು. ಅಂದಿನಿಂದ ಆ ಪದ ಬಂದಾಗಲೆಲ್ಲ ಫೈಲನ್ನು ನನಗೆ ತೋರಿಸಿಯೇ ಕಳುಹಿಸಬೇಕೆಂದು ನಿಯಮ ಮಾಡಿದೆ.

ಕೆಲವರು ‘ಪರಿತ್ಯಕ್ತ ಪತ್ನಿ’ ಎಂದು ಬರೆಯುತ್ತಾರೆ. ನನಗೆ ಅದೂ ಒಗ್ಗದು. ಪರಿತ್ಯಕ್ತೆ ಎಂದರೆ ಗಂಡ ಬಿಟ್ಟವಳು. ಬಿಟ್ಟವನು ಯಾರು, ಬಿಡಿಸಿಕೊಂಡವಳು ಯಾರು ಎಂದು ಆ ಪದವೇ ತೀರ್ಪು ಕೊಟ್ಟುಬಿಡುತ್ತದೆ. ಆಕೆಯೇ ಎದ್ದು ಬಂದಿರಬಹುದಲ್ಲ? ‘ಎಸ್ಟ್ರೇಂಜ್ಡ್’ ಯಾರ ತಪ್ಪೆಂದು ಹೇಳುವುದಿಲ್ಲ, ಅದರ ಸಭ್ಯತೆ ಇರುವುದೇ ಅಲ್ಲಿ. ತಪ್ಪು ಹೊರಿಸುವ ಇಂಗ್ಲಿಷ್ ಪದ ಬೇರೆಯೇ ಇದೆ, ‘ಡೆಸರ್ಟೆಡ್’. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ವರ್ಷ ನಿರಂತರವಾಗಿ ತೊರೆದಿರುವುದು ವಿಚ್ಛೇದನಕ್ಕೆ ಒಂದು ಆಧಾರ. ಅಲ್ಲಿ ಬರುವುದೂ ಇದೇ ಪದ. ಕನ್ನಡದಲ್ಲಿ ನಾವು ಕೊನೆಗೆ ‘ಪ್ರತ್ಯೇಕವಾಗಿ ವಾಸಿಸುತ್ತಿರುವ ಪತ್ನಿ’ ಎಂಬುದಕ್ಕೆ ಬಂದು ನಿಂತೆವು. ಅದೂ ಪೂರಾ ಸರಿಯಿಲ್ಲ, ಏಕೆಂದರೆ ಮನಸ್ಸು ಮುರಿದವರು ಒಂದೇ ಮನೆಯಲ್ಲೂ ಇರುತ್ತಾರೆ.

ಇದನ್ನು ನಾನು ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಲು ದಂಪತಿ ಕನಿಷ್ಠ ಒಂದು ವರ್ಷ ‘ಪ್ರತ್ಯೇಕವಾಗಿ ಬಾಳುತ್ತಿರಬೇಕು’ ಎನ್ನುತ್ತದೆ ಅದೇ ಕಾಯ್ದೆಯ 13ಬಿ ಕಲಂ. ಪ್ರತ್ಯೇಕ ಎಂದರೆ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರ ತೀರ್ಪೊಂದರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿದ್ದರ ತಾತ್ಪರ್ಯ: ಇದು ವಾಸಸ್ಥಳದ ಮಾತಲ್ಲ, ಪರಿಸ್ಥಿತಿಯ ಒತ್ತಡದಿಂದ ಒಂದೇ ಸೂರಿನಡಿ ಇದ್ದೂ ಗಂಡಹೆಂಡಿರಂತೆ ಬಾಳದಿರಬಹುದು, ಬೇರೆ ಬೇರೆ ಮನೆಯಲ್ಲಿದ್ದೂ ಗಂಡಹೆಂಡಿರಾಗಿಯೇ ಬಾಳುತ್ತಿರಬಹುದು. ನಿಮ್ಮದು ಈ ಎರಡನೆಯ ಬಗೆ.

ಹಾಗಾಗಿ ‘ಸೆಪರೇಟೆಡ್’ ಅಂಕಣವನ್ನು ಮುಟ್ಟಬೇಡಿ. ನೀವು ವಿವಾಹಿತೆ, ‘ಮ್ಯಾರೀಡ್’ ಎಂಬುದನ್ನೇ ಆರಿಸಿ. ಅರ್ಜಿಗಳಲ್ಲಿ ‘ಸೆಪರೇಟೆಡ್’ ಎಂದರೆ ದಾಂಪತ್ಯ ಕಡಿದುಕೊಂಡು ಬೇರೆಯಾದವರು, ಆದರೆ ವಿಚ್ಛೇದನ ಆಗದವರು. 2011ರ ಜನಗಣತಿಯಲ್ಲೂ ಇವರಿಗೆ ವಿಚ್ಛೇದಿತರಿಂದ ಪ್ರತ್ಯೇಕವಾದ ಸಂಕೇತವಿತ್ತು. ಅಮೆರಿಕದ ವೀಸಾ ಅರ್ಜಿಯಲ್ಲಿ ‘ಲೀಗಲಿ ಸೆಪರೇಟೆಡ್’ ಎಂದೇ ಇದೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ನ್ಯಾಯಾಲಯ ಕೊಡುವ ನ್ಯಾಯಿಕ ಪ್ರತ್ಯೇಕತೆಯ ಆದೇಶ, ವಿವಾಹ ಕಾಯ್ದೆಯ 10ನೇ ಕಲಂ. ಒಂದು ಅರ್ಜಿಯಲ್ಲಿ ‘ಸೆಪರೇಟೆಡ್’ ಎಂದು ಗುರುತು ಹಾಕಿ, ಇನ್ನೊಂದರಲ್ಲಿ ಗಂಡನ ಬಳಿ ಹೋಗಲು ವೀಸಾ ಕೇಳಿದರೆ, ಎರಡರಲ್ಲಿ ಯಾವುದು ಸುಳ್ಳು ಎಂದು ಅಧಿಕಾರಿ ಕೇಳದೆ ಬಿಡುವುದಿಲ್ಲ.

ಇದೇ ಪದಕ್ಕೆ ಸಂಬಂಧಿಸಿದ ಇನ್ನೊಂದು ಗುಂಡಿ ನಮ್ಮ ಊರುಗಳವರಿಗೆಂದೇ ತೋಡಿಟ್ಟಂತಿದೆ. ‘ಅಣ್ಣ ಬೇರೆ ಹೋಗಿದ್ದಾನೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅವಿಭಕ್ತ ಕುಟುಂಬ ಬಿಟ್ಟು ಬೇರೆ ಸಂಸಾರ ಹೂಡಿದ್ದಾನೆ, ಅಷ್ಟೆ. ಹಬ್ಬಕ್ಕೆ ಬರುತ್ತಾನೆ, ಹೋಗುತ್ತಾನೆ. ಇದನ್ನೇ ‘ಮೈ ಬ್ರದರ್ ಈಸ್ ಸೆಪರೇಟೆಡ್’ ಎಂದರೆ ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಅತ್ತಿಗೆ ತವರಿಗೆ ಹೋದಳೆಂದುಕೊಂಡು.

ಹಾಗಾದರೆ ನಿಮ್ಮ ಯಜಮಾನರಿಗೆ ಯಾವ ವಿಶೇಷಣ? ಯಾವುದೂ ಬೇಡ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇಂಗ್ಲಿಷ್ ಬರೆಯುವ ಕನ್ನಡಿಗರಿಗೆ ಕೊಡಬಹುದಾದ ಅತಿ ಉಪಯುಕ್ತ ಸಲಹೆ ಇದೇ ಇರಬೇಕು. ‘ನನ್ನ ಗಂಡ ಕುವೈತ್‌ನಲ್ಲಿ ಕೆಲಸದಲ್ಲಿದ್ದಾರೆ’ ಎಂದು ಕನ್ನಡದಲ್ಲಿ ಹೇಳುವಾಗ ನೀವು ಗಂಡನ ಹಿಂದೆ ‘ದೂರದ’ ಎಂದು ಸೇರಿಸುತ್ತೀರಾ? ಇಲ್ಲ. ಇಂಗ್ಲಿಷ್‌ನಲ್ಲೂ ‘ಮೈ ಹಸ್ಬೆಂಡ್ ವರ್ಕ್ಸ್ ಇನ್ ಕುವೈತ್’ ಎಂದರೆ ಮುಗಿಯಿತು. ದೂರ ಎಷ್ಟೆಂದು ಊರಿನ ಹೆಸರೇ ಹೇಳುತ್ತದೆ. ಇಂಗ್ಲಿಷ್ ಬರೆಯಲು ಕುಳಿತ ಕೂಡಲೇ ಒಂದು ತೂಕದ ಪದ ಹಾಕಬೇಕೆಂಬ ಆಸೆ ನಮಗೆಲ್ಲ ಏಕೆ ಬರುತ್ತದೋ! ಸೇರಿಸಲೇಬೇಕೆಂದಿದ್ದರೆ ‘ಅವೇ’ ಎಂಬ ಪುಟ್ಟ ಪದವಿದೆ, ಊರಲ್ಲಿಲ್ಲ ಎಂದಷ್ಟೇ ಅದರ ಅರ್ಥ. ಅದರ ಬದಲು ‘ಆ್ಯಬ್ಸೆಂಟ್’ ಬಳಸಬೇಡಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ ಮಾತ್ರ. ‘ಆ್ಯಬ್ಸೆಂಟ್ ಫಾದರ್’ ಎಂದರೆ ಮಕ್ಕಳ ಕಡೆ ತಿರುಗಿ ನೋಡದ ತಂದೆ. ತಿಂಗಳು ತಿಂಗಳು ಹಣ ಕಳುಹಿಸಿ, ಅಲ್ಲಿ ಎಂಟು ಗಂಟೆಗೆ ಕೆಲಸ ಮುಗಿಸಿ, ಇಲ್ಲಿ ಹತ್ತೂವರೆಯಾದರೂ ಮಗಳ ಮುಖ ನೋಡಿ ಮಲಗುವವರಿಗೆ ಆ ಹೆಸರು ಬೇಡ.

‘ಡಿಸ್ಟೆಂಟ್’ ಹಾಕಬಹುದಿತ್ತೇ ಎಂದೂ ಕೇಳಿದ್ದೀರಿ. ಅದು ಜೊತೆಗಾರ ಪದವನ್ನು ನೋಡಿಕೊಂಡು ಬಣ್ಣ ಬದಲಿಸುತ್ತದೆ. ಊರಿಗೆ ಹಚ್ಚಿದರೆ ದೂರದ ಊರು, ‘ರಿಲೆಟಿವ್’ ಅಥವಾ ‘ಕಸಿನ್’ ಎಂಬುದಕ್ಕೆ ಹಚ್ಚಿದರೆ ದೂರದ ನೆಂಟ. ನೆಂಟಸ್ತಿಕೆ ದೂರ, ಪ್ರೀತಿ ಹೇಗಾದರೂ ಇರಬಹುದು. ಆದರೆ ಗಂಡ, ಅಪ್ಪ, ಅಮ್ಮ ಎಂಬಂಥ ಹತ್ತಿರದ ಸಂಬಂಧಗಳಿಗೆ ಹಚ್ಚಿದರೆ ಮನಸ್ಸಿನಿಂದ ದೂರ ನಿಂತವರು, ಬಿಗುಮಾನದವರು ಎಂದಾಗುತ್ತದೆ. ‘ಡಿಸ್ಟೆಂಟ್ ಹಸ್ಬೆಂಡ್’ ಎಂದಿದ್ದರೆ ವಾರ್ಡನ್ ಬಾಗಿಲು ಮುಚ್ಚುತ್ತಿರಲಿಲ್ಲ, ಆದರೆ ಯಜಮಾನರು ಎರಡರ ಬದಲು ಒಂದು ದಿನವಾದರೂ ಮಾತು ಬಿಡುತ್ತಿದ್ದರು.

ಮಗಳ ವಿಷಯಕ್ಕೆ ಮಾತ್ರ ಈ ‘ಡಿಸ್ಟೆಂಟ್’ ಸರಿಯಾಗಿ ಕೂರುತ್ತದೆ. ಅಪ್ಪನೊಡನೆ ಅವಳ ಮಾತು ಕಡಿಮೆಯಾಗಿದೆ, ಸಲುಗೆ ತಗ್ಗಿದೆ, ಜಗಳವಿಲ್ಲ, ಮುರಿದಿಲ್ಲ. ‘ಎಸ್ಟ್ರೇಂಜ್ಡ್’ ಎಂದರೆ ವಿಪರೀತವಾದೀತು. ಆಪ್ತ ಸಮಾಲೋಚಕಿಗೆ ಬರೆಯುವಾಗ ಇನ್ನೊಂದು ಪದದ ಬಗ್ಗೆಯೂ ಎಚ್ಚರವಿರಲಿ, ‘ವಿತ್‌ಡ್ರಾನ್’. ಅದು ಒಬ್ಬರೊಡನೆ ಅಲ್ಲ, ಎಲ್ಲರೊಡನೆಯೂ ಬೆರೆಯುವುದನ್ನು ಬಿಟ್ಟು ಒಳಸರಿದವರ ಕುರಿತ ಮಾತು. ಆ ಪದ ಕಂಡರೆ ಸಮಾಲೋಚಕರು ಊಟ, ನಿದ್ರೆ, ಗೆಳತಿಯರ ಬಗ್ಗೆಯೆಲ್ಲ ವಿಚಾರಿಸುತ್ತಾರೆ, ವಿಚಾರಿಸಬೇಕು ಕೂಡ. ನಿಮ್ಮ ಮಗಳು ಗೆಳತಿಯರೊಡನೆ ಗಂಟೆಗಟ್ಟಲೆ ಹರಟುತ್ತಾಳೆ ಎಂದಿದ್ದೀರಿ, ಹಾಗಿದ್ದರೆ ಆ ಪದ ಬೇಡ. ಇದಕ್ಕೂ ಮೇಲಾದ ದಾರಿ, ವಿಶೇಷಣವನ್ನೇ ಬಿಟ್ಟು ಕಂಡದ್ದನ್ನು ಬರೆಯುವುದು: ಮೊದಲು ಅರ್ಧ ಗಂಟೆ ಮಾತಾಡುತ್ತಿದ್ದಳು, ಮಾರ್ಚ್‌ನಿಂದ ಎರಡು ಮಾತಾಡಿ ಫೋನು ಕೊಟ್ಟುಬಿಡುತ್ತಾಳೆ. ಸಮಾಲೋಚಕಿಗೆ ಬೇಕಾಗಿರುವುದು ಇದು. ಹದಿನಾರರ ವಯಸ್ಸಿನ ಹುಡುಗಿ ಎದುರಿಗೇ ಇರುವ ಅಪ್ಪನೊಡನೆಯೂ ಎರಡೇ ಮಾತಾಡುವುದುಂಟು ಎಂಬುದು ವ್ಯಾಕರಣದ ಹೊರಗಿನ ಮಾತು, ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ಹೇಳುತ್ತಿದ್ದೇನೆ.

‘ಅಲೂಫ್’, ‘ಡಿಟ್ಯಾಚ್ಡ್’ ಎರಡೂ ಒಂದೇ ಅಲ್ಲವೇ ಎಂದಿದ್ದೀರಿ, ಅಲ್ಲ. ‘ಅಲೂಫ್’ ಮನುಷ್ಯನ ಸ್ವಭಾವದ ಅಥವಾ ನಡವಳಿಕೆಯ ಮಾತು, ಯಾರಲ್ಲೂ ಬೆರೆಯದೆ ಒಂದಡಿ ಆಚೆ ನಿಲ್ಲುವವನು. ಅವನಿಗೆ ಯಾರೊಡನೆಯೂ ಮುರಿದಿರಬೇಕಾಗಿಲ್ಲ, ಬೆಸೆದೇ ಇರಲಿಲ್ಲವಲ್ಲ! ಈ ಪದ ಹುಟ್ಟಿದ್ದು ಹಡಗಿನಲ್ಲಿ. ಗಾಳಿ ದೋಣಿಯನ್ನು ದಡಕ್ಕೆ ತಳ್ಳುವಾಗ, ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿ ದಡದಿಂದ ದೂರ ಹಿಡಿಯಿರಿ ಎಂದು ಕೊಡುತ್ತಿದ್ದ ಆಜ್ಞೆಯ ಪದ ಅದು. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ‘ಡಿಟ್ಯಾಚ್ಡ್’ ಎಂದರೆ ಕಳಚಿಕೊಂಡದ್ದು. ಮನೆಗೆ ಹೇಳಿದರೆ ಒಂಟಿಮನೆ, ಕಣ್ಣಿನ ಅಕ್ಷಿಪಟಕ್ಕೆ ಹೇಳಿದರೆ ತುರ್ತಾಗಿ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಮನುಷ್ಯನಿಗೆ ಹೇಳಿದರೆ ಎರಡು ಬಾಯಿಯ ಕತ್ತಿ. ನ್ಯಾಯಾಧೀಶರಿಗೆ ಅದು ಹೊಗಳಿಕೆ, ನಿರ್ಲಿಪ್ತರು ಎಂದು. ಗಂಡನಿಗೆ ಹೇಳಿದರೆ ದೂರು.

ಇನ್ನು ಭಾವನವರ ವಿಷಯ. ಭಾಷೆಯ ಮಟ್ಟಿಗೆ ‘ಎಸ್ಟ್ರೇಂಜ್ಡ್’ ಸರಿ. ಯಾರಿಂದ ಎಂದು ಹೇಳುವಾಗ ಮುಂದೆ ‘ಫ್ರಮ್’ ಬರಬೇಕು, ‘ವಿತ್’ ಅಲ್ಲ, ‘ಟು’ ಅಲ್ಲ: ‘ಹಿ ಈಸ್ ಎಸ್ಟ್ರೇಂಜ್ಡ್ ಫ್ರಮ್ ಹಿಸ್ ಬ್ರದರ್’. ಕನ್ನಡದ ‘ಇಂದ’ವೇ ಅಲ್ಲಿಯೂ ಇದೆ ಎಂದು ನೆನಪಿಟ್ಟುಕೊಂಡರೆ ಸಾಕು. ಉಚ್ಚಾರಣೆಯಲ್ಲಿ ಮೊದಲ ಸ್ವರ ‘ಇ’ಗೆ ಹತ್ತಿರ, ಕೊನೆಯಲ್ಲಿ ‘ಜಡ್’ ಎಂದು ಎಳೆಯದೆ ‘ಜ್ಡ್’ ಎಂದು ನಿಲ್ಲಿಸಬೇಕು. ‘ಏಲಿಯನೇಟೆಡ್’ ಎಂಬುದೂ ನಡೆದೀತು, ಆದರೆ ಅದರಲ್ಲಿ ಯಾರೋ ಏನೋ ಮಾಡಿ ಅವರನ್ನು ಪರಕೀಯರನ್ನಾಗಿಸಿದರು ಎಂಬ ಧ್ವನಿಯಿದೆ. ಜಮೀನಿನ ಕಾಗದಗಳಲ್ಲಿ ನೀವು ನೋಡಿರುವ ‘ಪರಭಾರೆ’ಗೆ ಇಂಗ್ಲಿಷ್ ಪದ ‘ಏಲಿಯನೇಷನ್’, ಆಸ್ತಿ ಪರರ ಪಾಲಾಗುವುದು. ತೋಟ ಪಾಲಾಗಿ ಮನಸ್ಸು ಪರಭಾರೆಯಾದ ಮನೆಗೆ ಹೊಂದುವ ಪದವೇ, ಆದರೂ ಅರ್ಜಿಗೆ ಬೇಡ.

ಏಕೆ ಬೇಡವೆಂದರೆ, ಹಾಸ್ಟೆಲ್ ಕೇಳಿರುವುದು ಮಗಳನ್ನು ಯಾರು ಬಂದು ಕರೆದೊಯ್ಯಬಹುದು ಎಂಬುದನ್ನು. ಯಾರೊಡನೆ ನಿಮಗೆ ಮಾತಿಲ್ಲ ಎಂಬುದನ್ನಲ್ಲ. ಪಟ್ಟಿಯಲ್ಲಿ ಭಾವನ ಹೆಸರು ಬರೆಯದಿದ್ದರೆ ಆಯಿತು, ಬೇಕಿದ್ದರೆ ‘ಈ ಪಟ್ಟಿಯಲ್ಲಿರುವವರ ಜೊತೆಗೆ ಮಾತ್ರ ಕಳುಹಿಸಿ’ ಎಂದು ಒಂದು ಸಾಲು ಸೇರಿಸಿ. ‘ಎಸ್ಟ್ರೇಂಜ್ಡ್’ ಎಂದು ಸಹಿ ಮಾಡಿಕೊಟ್ಟ ಕಾಗದ ಎಲ್ಲೋ ಒಂದು ಫೈಲಿನಲ್ಲಿ ಉಳಿಯುತ್ತದೆ. ಪಾಲಿನ ತಕರಾರು ಇನ್ನೂ ಪೂರ್ತಿ ಮುಗಿದಿಲ್ಲ ಎನ್ನುತ್ತೀರಿ. ನಾಳೆ ಮದುವೆಗೋ ಮುಂಜಿಗೋ ಎರಡು ಮನೆ ಒಂದಾದರೂ ಆ ಕಾಗದ ಒಂದಾಗುವುದಿಲ್ಲ.

ಕೊಟ್ಟಾಗಿರುವ ಪತ್ರಕ್ಕೆ ಏನು ಮಾಡುವುದು? ವಾರ್ಡನ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗಬಹುದು. ಆದರೆ ವಾರ್ಡನ್ ಬದಲಾಗುತ್ತಾರೆ, ಫೈಲು ಬದಲಾಗುವುದಿಲ್ಲ. ನಿಮ್ಮ ಯಜಮಾನರು ರಜೆಗೆ ಬಂದು ವಿಮಾನ ನಿಲ್ದಾಣದಿಂದ ನೇರವಾಗಿ ಹಾಸ್ಟೆಲ್‌ಗೆ ಹೋದ ದಿನ ಹೊಸಬರು ಆ ಪತ್ರ ತೆಗೆದು ಓದಿದರೆ ಅವರು ಗೇಟಿನ ಹೊರಗೆ ನಿಲ್ಲಬೇಕಾದೀತು. ಹಳೆಯದನ್ನು ವಾಪಸು ಪಡೆದು ಹರಿಯುವುದೂ ಬೇಡ, ಅದು ಇನ್ನಷ್ಟು ಅನುಮಾನಕ್ಕೆ ದಾರಿ. ಇನ್ನೊಂದು ಚಿಕ್ಕ ಪತ್ರ ಕೊಟ್ಟು, ಹಳೆಯದರ ಜೊತೆ ಪಿನ್ ಮಾಡಿ ಇಡಲು ಹೇಳಿ. ಕನ್ನಡದಲ್ಲೇ ಕೊಟ್ಟರೂ ನಡೆಯುತ್ತದೆ: ‘ನನ್ನ ಹಿಂದಿನ ಪತ್ರದಲ್ಲಿ ಒಂದು ಇಂಗ್ಲಿಷ್ ಪದವನ್ನು ತಪ್ಪು ಅರ್ಥದಲ್ಲಿ ಬಳಸಿದ್ದೇನೆ. ನನ್ನ ಪತಿ ಉದ್ಯೋಗದ ಕಾರಣ ಕುವೈತ್‌ನಲ್ಲಿದ್ದಾರೆ. ಮಗಳ ವಿಷಯದಲ್ಲಿ ಅವರಿಗೂ ನನ್ನಷ್ಟೇ ಅಧಿಕಾರವಿದೆ. ಅವರು ಬಂದಾಗ ಮಗಳನ್ನು ಅವರ ಜೊತೆ ಕಳುಹಿಸಲು ನನ್ನ ಒಪ್ಪಿಗೆಯಿದೆ.’ ದಿನಾಂಕ ಹಾಕಿ, ಸಹಿ ಮಾಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಮುದ್ರೆ ಬಿದ್ದ ಪ್ರತಿಯ ಫೋಟೊ ತೆಗೆದು ಅಂದು ರಾತ್ರಿ ಹತ್ತೂವರೆಗೆ ಮೊದಲೇ ಕುವೈತ್‌ಗೆ ಕಳುಹಿಸಿಬಿಡಿ.